ಶ್ರೀಶನಿಗೆ ಸಿಕ್ಕ ಜಾಗ

ಚಂದ್ರಾ ಲೇಔಟ್, ಬೆಂಗಳೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ವೈಜಿಗೆ,

ನೀನು, ನಿಮ್ಮೆಜಮಾನರು, ಮಗ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ದಸರಾ ರಜೆಯಲ್ಲಿ ನೀನು ಬರೆದ ಕಾಗದಕ್ಕೆ ದೀಪಾವಳಿಯೂ ಕಳೆದ ಮೇಲೆ ಉತ್ತರ. ತಡವಾಗಿ ಬಂದ ಹುಡುಗಿಯರನ್ನು ಕ್ಲಾಸಿನ ಬಾಗಿಲಲ್ಲೇ ನಿಲ್ಲಿಸುವ ದಾವಣಗೆರೆಯ ಟೀಚರಮ್ಮ ನೀನು. ನನ್ನನ್ನೂ ನಿಲ್ಲಿಸು, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಓದಿದ ಮೇಲೆ ನಿಲ್ಲಿಸು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ. ನಾನು ಅತ್ತರೆ ತನ್ಮಯಿ ಫೋನ್ ಕಿತ್ತುಕೊಂಡು "ನಮ್ಮಮ್ಮನ್ನ ಯಾಕ್ರೀ ಅಳಿಸ್ತೀರಾ?" ಅಂತ ನಿನ್ನನ್ನೇ ಗದರಿಸುತ್ತಾಳೆ. ಯುಗಾದಿಯ ದಿನ ಹಾಗೇ ಆಯಿತಲ್ಲ. ಅಲ್ಲದೆ ಬಿನ್ನಿಪೇಟೆಯ ಮಿಲ್ ಕ್ವಾರ್ಟರ್ಸಿನಲ್ಲಿ ಎದುರುಬದುರು ಮನೆಯಲ್ಲಿದ್ದುಕೊಂಡೇ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದವರು ನಾವು. ಬಾಯಲ್ಲಿ ಹೇಳಲಾಗದ್ದನ್ನು ನಿನಗೆ ಬರೆದೇ ಹೇಳಿ ನನಗೆ ಅಭ್ಯಾಸ.

ಮೊದಲು ನನ್ನ ಸುದ್ದಿ ಹೇಳಿ ಮುಗಿಸುತ್ತೇನೆ. ಬೇಸಿಗೆಯಿಂದ ನಿಲ್ಲದೆ ಹೋಗುತ್ತಿದ್ದ ರಕ್ತಕ್ಕೆ ಕೊನೆಗೂ ಸ್ಕ್ಯಾನ್ ಮಾಡಿಸಿದೆ. ಗರ್ಭಕೋಶದಲ್ಲಿ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ರಿಪೋರ್ಟು ಚೆನ್ನಾಗಿ ಬಂದಿಲ್ಲ. ಈಗಲೇ ತೆಗೆಸಿದರೆ ಗುಣವಾಗುತ್ತದೆ, ಮುಂದೂಡಬೇಡಿ ಎಂದಿದ್ದಾರೆ. ಡಿಸೆಂಬರ್ ಮೊದಲ ವಾರ ಆಪರೇಷನ್, ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದಂತೆ. ಸಂಕ್ರಾಂತಿ ಕಳೆಯುವವರೆಗೆ ನಾನು ಯಾರನ್ನೂ ನೋಡಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಗಾಬರಿಯಾಗಬೇಡ ಅಂತ ಬರೆಯುವುದು ವಾಡಿಕೆ. ಬರೆಯಲು ಕೈ ಬರುತ್ತಿಲ್ಲ, ಏಕೆಂದರೆ ನಾನೇ ಗಾಬರಿಯಾಗಿದ್ದೇನೆ.

ನನ್ನ ಡಾಕ್ಟರಿಗೆ ದಿವ್ಯ ಅಂತ ಹೆಸರು. ಇನ್ನೂ ಚಿಕ್ಕ ವಯಸ್ಸು, ತಾಳ್ಮೆ ಬಹಳ. ಕಾಗದದ ಮೇಲೆ ಚಿತ್ರ ಬರೆದು, ಎಲ್ಲಿ ಕುಯ್ಯುತ್ತಾರೆ, ಏನು ತೆಗೆಯುತ್ತಾರೆ, ಆಮೇಲೆ ಮೈಯಲ್ಲಿ ಏನಾಗುತ್ತದೆ ಎಲ್ಲ ವಿವರಿಸಿದರು. "ನಿಮಗೆ ಪೂರ್ತಿ ಒಪ್ಪಿಗೆ ಇದ್ರೆ ಮಾತ್ರ ಆಂಟಿ. ಮನೇಗೆ ಹೋಗಿ ಯೋಚ್ನೆ ಮಾಡಿ ಬನ್ನಿ" ಅಂದರು. ಐವತ್ತು ದಾಟಿದ, ಹೆರಿಗೆ ಮುಗಿಸಿದ, ಕೆಟ್ಟುಹೋದ ಗರ್ಭಕೋಶಕ್ಕೆ ಅಷ್ಟು ಮರ್ಯಾದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನೀನು ನನ್ನ ಅವಳಿಗಳನ್ನು ಕೊನೆಯ ಸಲ ನೋಡಿದ್ದು ಇವರು ತೀರಿಕೊಂಡಾಗ. ಈಗ ತನ್ಮಯಿಗೂ ಶ್ರೀಶನಿಗೂ ಇಪ್ಪತ್ತಮೂರು. ಹುಟ್ಟುವಾಗ ಉಸಿರು ಕಟ್ಟಿದ್ದು ಇಬ್ಬರಿಗೂ. ಬುದ್ಧಿ ಐದಾರು ವರ್ಷದ ಮಕ್ಕಳಷ್ಟಕ್ಕೇ ನಿಂತದ್ದು ಇಬ್ಬರಿಗೂ. ಸರ್ಟಿಫಿಕೇಟಿನಲ್ಲಿ ಡಾಕ್ಟರು ಬರೆದದ್ದೂ ಇಬ್ಬರಿಗೆ ಒಂದೇ. ಆದರೆ ಸಿಕ್ಕಿದ್ದು ಒಂದೇ ಅಲ್ಲ.

ಚಿಕ್ಕವರಿದ್ದಾಗ ವಿಜಯನಗರದ ಆ ತರಬೇತಿ ಶಾಲೆಗೆ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದರು. ತನ್ಮಯಿ ದೊಡ್ಡವಳಾದ ತಿಂಗಳೇ ವ್ಯಾನಿನವನು ಅವಳನ್ನು ಹತ್ತಿಸಿಕೊಳ್ಳಲಿಲ್ಲ. ನಾನು ಶಾಲೆಗೇ ಹೋಗಿ ಕೇಳಿದೆ. "ವ್ಯಾನಲ್ಲಿ ಆಯಾ ಇಲ್ಲ ಮೇಡಂ, ಹೆಣ್ಣುಮಗು, ಜವಾಬ್ದಾರಿ ಯಾರು ತಗೋತಾರೆ?" ಅಂದರು. ಆಯಾನ ಇಟ್ಟುಕೊಳ್ಳಿ ಅಂದೆ. "ಒಬ್ಬಳಿಗೋಸ್ಕರನಾ?" ಅಂದರು. ಒಬ್ಬಳೇ ಯಾಕೆ ಉಳಿದಳು ಅಂದರೆ, ಉಳಿದ ಹುಡುಗಿಯರೆಲ್ಲ ದೊಡ್ಡವರಾಗಿ ಆಗಲೇ ಮನೆ ಸೇರಿದ್ದರು.

ಶ್ರೀಶ ಹೋಗುತ್ತಲೇ ಇದ್ದಾನೆ. ಅಲ್ಲಿ ಪೇಪರ್ ಕವರ್ ಮಾಡುವುದು ಕಲಿತ, ಮೈಸೂರು ಝೂ ನೋಡಿಬಂದ, ಸ್ನೇಹಿತರಾದರು. ಬೆಳಿಗ್ಗೆ ಅವನ ನೀರಿನ ಬಾಟಲಿ ಹಿಡಿದು ಗೇಟಿನವರೆಗೆ ಹೋಗಿ, ವ್ಯಾನು ಮೂಲೆ ತಿರುಗುವವರೆಗೆ ಕೈಬೀಸಿ, ಒಳಗೆ ಬಂದು "ನಂಗೆ ರಜಾ" ಅನ್ನುತ್ತಾಳೆ ತನ್ಮಯಿ. ಮೊದಮೊದಲು ನಾನೇ ಹಾಗೆ ಹೇಳಿ ಸಮಾಧಾನ ಮಾಡಿದ್ದು. ಹತ್ತು ವರ್ಷದಿಂದ ಅವಳಿಗೆ ರಜಾ.

ರಜಾ ಇದ್ದವಳಿಗೆ ನಾನೇ ಮೇಷ್ಟ್ರಾದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಾಳೆ, ಬಟ್ಟೆ ಮಡಿಸುತ್ತಾಳೆ, ತಲೆ ತಾನೇ ಬಾಚಿಕೊಳ್ಳುತ್ತಾಳೆ. ಶ್ರೀಶನಿಗೆ ಇವತ್ತಿಗೂ ಪ್ಯಾಂಟಿನ ಗುಂಡಿ ಹಾಕಲು ಬರುವುದಿಲ್ಲ, ಹಾಕುವವಳು ಅವಳೇ. ಎಲ್ಲಕ್ಕಿಂತ ಕಷ್ಟಪಟ್ಟು ಕಲಿಸಿದ್ದು ಮುಟ್ಟಿನ ವಿಷಯ. ಪ್ಯಾಡ್ ಇಟ್ಟುಕೊಳ್ಳುವುದು, ಬದಲಿಸುವುದು, ಸುತ್ತಿ ಡಬ್ಬಕ್ಕೆ ಹಾಕುವುದು, ಕೈ ತೊಳೆಯುವುದು. ಎಷ್ಟು ಸಲ ರೇಗಿದ್ದೇನೋ, ಎಷ್ಟು ಸಲ ಅವಳ ಜೊತೆ ಬಚ್ಚಲಲ್ಲಿ ಕೂತು ಅತ್ತಿದ್ದೇನೋ. ಕೊನೆಗೆ ಕಲಿತಳು.

ಕಲಿಯಲು ಕಾರಣ ನಮ್ಮತ್ತೆ ಅನ್ನಬೇಕು. ಅವಳು ದೊಡ್ಡವಳಾದಾಗ "ಬುದ್ಧಿ ಇಲ್ದಿದ್ರೇನು, ಹೆಣ್ಣುಮಗು ತಾನೆ?" ಅಂತ ಹಟ ಹಿಡಿದು ಆರತಿ ಮಾಡಿಸಿದ್ದರು. ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ, ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ತಿನ್ನಿಸಿದರು. ತನ್ಮಯಿಗೆ ಅದು ಹುಟ್ಟುಹಬ್ಬಕ್ಕಿಂತ ದೊಡ್ಡ ಹಬ್ಬವಾಗಿಬಿಟ್ಟಿತು. ಅಂದಿನಿಂದ ಪ್ರತಿ ತಿಂಗಳೂ ಬಚ್ಚಲಿಂದಲೇ "ಅಮ್ಮಾ, ಬಂತೂ! ಚಿಗಳೀ!" ಅಂತ ಕೂಗು. ನಾನು ಎಳ್ಳು ಹುರಿಯಬೇಕು. ಇವರ ತಿಥಿಯ ವೈದಿಕಕ್ಕೆ ಆಚಾರ್ಯರು ಬಂದು ಕೂತಿದ್ದಾಗಲೂ ಕೂಗಿದಳು ಕಣೇ. ಅವರು ಪಂಚಾಂಗದೊಳಗೆ ಮುಖ ಹುದುಗಿಸಿಕೊಂಡರು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಆಸ್ಪತ್ರೆ ಸೇರಿದರೆ ಈ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು? ನನ್ನ ಮೈದುನ ಮಧ್ವೇಶ ಬಸವೇಶ್ವರನಗರದಲ್ಲಿದ್ದಾನೆ, ಗಂಡ ಹೆಂಡತಿ ಇಬ್ಬರಿಗೂ ಬ್ಯಾಂಕು. "ಶ್ರೀಶ ಬೇಕಾದ್ರೆ ಒಂದೆರಡು ವಾರ ನಮ್ಮಲ್ಲಿರ್ಲಿ ಅತ್ತಿಗೆ. ತನ್ಮಯಿ ಕಷ್ಟ" ಅಂದ. ಏನು ಕಷ್ಟ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೊನೆಗೆ ಅವನೇ ಹುಡುಕಿ, ಕೆಂಗೇರಿಯಾಚೆ ಇರುವ ಒಂದು ಆಶ್ರಯಧಾಮಕ್ಕೆ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಹೆಸರು ಬರೆಯುವುದಿಲ್ಲ. ಗಿಡಮರ ಇದೆ, ನೆಲ ಒರೆಸಿ ಫಳಫಳ ಅನ್ನುತ್ತಿತ್ತು. ಇಬ್ಬರೂ ಇಲ್ಲೇ ಒಟ್ಟಿಗೆ ಇರುತ್ತಾರೆ ಅಂತ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ?

ನೋಡಿಕೊಳ್ಳುವವರು ಕಮಲಾಕ್ಷಮ್ಮ ಅಂತ. ಕೆಟ್ಟವರಲ್ಲ. ಟೀ ತರಿಸಿದರು, ಮಕ್ಕಳಿಗೆ ಬಿಸ್ಕತ್ತು ಕೊಟ್ಟರು. ಶ್ರೀಶನ ಹೆಸರು ಕೇಳಿದರು, ಅವನು "ಇನ್ನೊಂದ್ ಬಿಸ್ಕೆಟ್" ಅಂದ. ನಕ್ಕರು. ಇವನಿಗೆ ಸ್ನಾನ ಮಾಡಿಸಬೇಕು, ಸಂಡಾಸಿಗೆ ಹೋದರೆ ತೊಳೆಯಬೇಕು, ಒಂದೊಂದು ಸಲ ಹಾಸಿಗೆ ಒದ್ದೆಯಾಗುತ್ತದೆ ಎಂದು ಹೆದರುತ್ತಲೇ ಹೇಳಿದೆ. "ಅದಕ್ಕೆಲ್ಲ ನಮ್ಮಲ್ಲಿ ಜನ ಇದ್ದಾರಮ್ಮ, ನೀವು ಯೋಚ್ನೆ ಮಾಡ್ಬೇಡಿ" ಅಂದರು. ಅವನಿಗೆ ಜಾಗ ಸಿಕ್ಕಿತು.

ಆಮೇಲೆ ತನ್ಮಯಿ. ಇಲ್ಲಿ ನಾನು ಕೆಟ್ಟೆ. ಅವರು ಮುಟ್ಟಿನ ವಿಷಯ ಕೇಳಿಯೇ ಇರಲಿಲ್ಲ. ನನ್ನ ಮಗಳು ಶ್ರೀಶನಿಗಿಂತ ಜಾಣೆ ಅಂತ ತೋರಿಸಿಕೊಳ್ಳುವ ಚಪಲ ನನಗೆ. ಊಟ, ಬಟ್ಟೆ, ಸ್ನಾನ ಎಲ್ಲ ತಾನೇ ಮಾಡಿಕೊಳ್ಳುತ್ತಾಳೆ ಎಂದೆ. ಅಷ್ಟಕ್ಕೆ ಬಿಡಬಾರದಿತ್ತೇ? "ತಿಂಗಳ ಮುಟ್ಟು ಕೂಡ ಅವಳೇ ನೋಡ್ಕೋತಾಳೆ, ಯಾರಿಗೂ ಒಂದು ಚೂರೂ ತೊಂದ್ರೆ ಇಲ್ಲ" ಅಂತ ಹೆಮ್ಮೆಯಿಂದ ಹೇಳಿದೆ. ಮಗಳು ಫಸ್ಟ್ ಕ್ಲಾಸ್ ಬಂದಳು ಅನ್ನುವ ಹಾಗೆ ಹೇಳಿದೆ ವೈಜಿ.

ಕಮಲಾಕ್ಷಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಆಪರೇಷನ್ ಆಗಿಲ್ವಾ?" ಅಂದರು.

ಯಾವ ಆಪರೇಷನ್ ಅಂದೆ. "ಗರ್ಭಕೋಶ ತೆಗೆಸೋದಮ್ಮ. ನಮ್ಮಲ್ಲಿರೋ ಹೆಣ್ಣುಮಕ್ಕಳಿಗೆಲ್ಲ ಆಗಿದೆ. ಕ್ಲೀನಾಗಿರತ್ತೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೂ ತಲೆನೋವಿರಲ್ಲ. ನೀವೂ ಮಾಡಿಸ್ಕೊಂಡ್ ಬಂದ್ಬಿಡಿ, ನಾನು ಜಾಗ ಇಟ್ಟಿರ್ತೀನಿ."

"ಏನು ಹೆಚ್ಚುಕಮ್ಮಿ?" ಅಂತ ಕೇಳಿದೆ. ಅವರು ಮಧ್ವೇಶನ ಮುಖ ನೋಡಿದರು. ಅವನು ತನ್ನ ಬೂಟು ನೋಡಿದ. ನನಗೆ ಅರ್ಥವಾಯಿತು. ಅಲ್ಲಿ ಯಾರಾದರೂ ಅವಳ ಮೈಮೇಲೆ ಕೈಹಾಕಿದರೆ, ಹೊರಗೆ ಗೊತ್ತಾಗುವುದಿಲ್ಲ. ಅಷ್ಟೇ ಅವರು ಕೊಡುವ ರಕ್ಷಣೆ. ಕಳ್ಳರಿಗೆ ಹೆದರಿ ಬಾಗಿಲ ಬೆಲ್ಲು ಕಿತ್ತಿಟ್ಟ ಹಾಗೆ. ಶ್ರೀಶನ ಮಲ ತೊಳೆಯಲು ಜನ ಇದ್ದಾರೆ, ತನ್ನದನ್ನು ತಾನೇ ತೊಳೆದುಕೊಳ್ಳುವ ಹುಡುಗಿಗೆ ಜಾಗವಿಲ್ಲ. ತನ್ಮಯಿ ನಮ್ಮ ನಡುವೆಯೇ ಕೂತು ಶ್ರೀಶನ ಶರ್ಟಿನ ಮೇಲಿನ ಬಿಸ್ಕತ್ತಿನ ಪುಡಿ ಒರೆಸುತ್ತಿದ್ದಳು.

ವಾಪಸು ಬರುವಾಗ ಮಧ್ವೇಶ, "ಅತ್ತಿಗೆ, ನಿಮ್ಮದು ಹೇಗೂ ಇದೆ. ಇಬ್ಬರದ್ದೂ ಒಟ್ಟಿಗೇ ಮಾಡಿಸಿಬಿಡೋಣ, ಒಂದೇ ಓಡಾಟ ಆಗತ್ತೆ. ಅವಳಿಗೇನು ಮದುವೆನಾ, ಮಕ್ಕಳಾ?" ಅಂದ. ನನ್ನ ಮೈ ಉರಿದುಹೋಯಿತು. "ನಿಮ್ಮ ಅಪೂರ್ವನೂ ಮದುವೆ ಬೇಡ ಅಂತಾಳಲ್ಲ, ಅವಳಿಗೂ ಮಾಡಿಸಿ" ಅಂದುಬಿಟ್ಟೆ. ಅವನ ಮಗಳು ಆ ಅಪೂರ್ವ. ತಪ್ಪು ನನ್ನದೇ, ಆ ಮಗು ಏನು ಮಾಡಿತ್ತು?

ಡಾಕ್ಟರ್ ದಿವ್ಯರನ್ನು ಕೇಳಿದೆ. ಅವರ ಮುಖ ಕೆಂಪಾಯಿತು. "ಆರೋಗ್ಯವಾಗಿರೋ ಅಂಗ ಆಂಟಿ ಅದು. ಅವಳನ್ನ ಕೇಳ್ದೆ ತೆಗೆಯೋಕೆ ಕಾನೂನೂ ಒಪ್ಪಲ್ಲ. ಮಾಡೋರು ಸಿಗ್ತಾರೆ, ಆದ್ರೆ ಮಾಡಿಸ್ಬೇಡಿ" ಅಂದರು. ಸರಿ, ಹಾಗಾದರೆ ಅವಳನ್ನು ಎಲ್ಲಿ ಬಿಡಲಿ ಡಾಕ್ಟ್ರೇ ಅಂದೆ. "ವಿಚಾರಿಸ್ತೀನಿ" ಅಂದರು. ನಾನೂ ವಿಚಾರಿಸಿದೆ. ಒಂದು ಕಡೆ ಗಂಡುಮಕ್ಕಳು ಮಾತ್ರ, ಇನ್ನೊಂದು ಕಡೆ ಹೆಣ್ಣುಮಕ್ಕಳಿಗೆ ಹಾಸಿಗೆ ಖಾಲಿಯಾದರೆ ತಿಳಿಸುತ್ತಾರಂತೆ, ಮತ್ತೊಂದು ಕಡೆ ಕಮಲಾಕ್ಷಮ್ಮ ಹೇಳಿದ್ದನ್ನೇ ಇನ್ನೂ ನಯವಾಗಿ ಹೇಳಿದರು.

ಆದರೂ ನಾನು ಬೇಡ ಅಂತಲೇ ಇದ್ದೆ. ಮುಂದಿನದನ್ನು ಓದಿ ನೀನು ಜೋರಾಗಿ ಏನೂ ಅನ್ನಬೇಡ. ತನ್ಮಯಿ ಈ ಸಲ ಮುಟ್ಟಾಗಿಲ್ಲ.

ದೀಪಾವಳಿಗೆ ಮುಂಚೆಯೇ ಆಗಬೇಕಿತ್ತು. ಅವಳಿಗೆ ಯಾವತ್ತೂ ಹೀಗೆ ತಪ್ಪಿದ್ದಿಲ್ಲ. ನರಕಚತುರ್ದಶಿಯ ಎಣ್ಣೆ ನೀರಿನ ದಿನ ಕೇಳಿದೆ, "ಇಲ್ಲ" ಅಂದಳು. ಹಬ್ಬ ಮುಗಿದ ಮೇಲೆ ಕೇಳಿದೆ, "ಇಲ್ಲಾ" ಅಂತ ರಾಗ ಎಳೆದು ಅಡಿಗೆಮನೆಯಿಂದ ಹೊರಟುಹೋದಳು. ಪ್ಯಾಡಿನ ಪೊಟ್ಟಣ ಒಡೆದೇ ಇಲ್ಲ. ಎಳ್ಳು ಡಬ್ಬದಲ್ಲೇ ಇದೆ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. ಸ್ಕ್ಯಾನು, ಪರೀಕ್ಷೆ ಅಂತ ನಾನು ಆಸ್ಪತ್ರೆಗೆ ಅಲೆಯುವಾಗ ಅವಳನ್ನು ಮನೆಯಲ್ಲಿ ಬಿಟ್ಟುಹೋಗಿದ್ದೆ. ಬೀಗ ಹಾಕಿಕೊಂಡೇ ಹೋಗಿದ್ದೆ. ಆದರೆ ಮಹಡಿ ಮನೆಯ ದ್ಯಾಮಣ್ಣನ ಹತ್ತಿರ ಒಂದು ಕೀ ಕೊಟ್ಟಿದ್ದೆ. ಬಾದಾಮಿ ಕಡೆಯ ಹುಡುಗ, ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ತನ್ಮಯಿಯನ್ನು "ಅಕ್ಕಾ" ಅನ್ನುತ್ತಾನೆ, ಚಾಕೊಲೇಟು ತಂದುಕೊಡುತ್ತಾನೆ. ನಿನ್ನೆ ಮೊನ್ನೆಯವರೆಗೂ ನನಗೆ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು. ಹೋದ ವಾರ ಮೆಟ್ಟಿಲ ಹತ್ತಿರ ಅಡ್ಡಗಟ್ಟಿ, ಇನ್ನು ಮುಂದೆ ನನ್ನ ಮಗಳ ಜೊತೆ ಮಾತಾಡಬೇಡ, ಕೀ ಕೊಡು ಅಂದೆ. "ಯಾಕ್ರೀ ಅಮ್ಮಾರ, ನಾ ಏನ್ ಮಾಡೇನ್ರೀ?" ಅಂದ. ಕೀ ಇಸಿದುಕೊಂಡು ಒಳಗೆ ಬಂದೆ. ಈಗ ತಲೆ ತಗ್ಗಿಸಿಕೊಂಡು ಹತ್ತಿ ಇಳಿಯುತ್ತಾನೆ.

ಅವನೊಬ್ಬನೇ ಆಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ನೀರಿನ ಕ್ಯಾನಿನವನನ್ನು ನೋಡುತ್ತೇನೆ. ಒಂದು ದಿನ ನನಗೆ ತಡವಾದಾಗ ದ್ಯಾಮಣ್ಣನ ಹತ್ತಿರ ಕೀ ಇಸಿದುಕೊಂಡು ಊಟ ತಂದುಕೊಟ್ಟ ಮಧ್ವೇಶನನ್ನು, ನನ್ನ ಕೈಯಡುಗೆ ಉಂಡ ಮೈದುನನನ್ನು, ಹಾಗೆಯೇ ನೋಡುತ್ತೇನೆ. ಮೊನ್ನೆ ಊಟಕ್ಕೆ ಕೂತಿದ್ದಾಗ ಶ್ರೀಶನನ್ನೂ ಹಾಗೆ ನೋಡಿದೆ. ಅವನು ಬಾಯಿ ತುಂಬ ಅನ್ನ ಇಟ್ಟುಕೊಂಡು ನನ್ನನ್ನು ನೋಡಿ ನಕ್ಕ. ನಾನು ಊಟ ಬಿಟ್ಟು ಎದ್ದು ಹಿತ್ತಲಿಗೆ ಹೋದೆ. ನಿನಗಲ್ಲದೆ ಯಾರಿಗೂ ಇದನ್ನು ಹೇಳಲಾರೆ.

ಪರೀಕ್ಷೆ ಮಾಡುವ ಕಿಟ್ ತಂದಿದ್ದೇನೆ. ಇಲ್ಲಿನ ಮೆಡಿಕಲ್ ಶಾಪಿನವರಿಗೆಲ್ಲ ನನ್ನ ಪರಿಚಯ. ಬಸ್ಸು ಹತ್ತಿ ಕಾಮಾಕ್ಷಿಪಾಳ್ಯಕ್ಕೆ ಹೋದೆ. ನನ್ನ ಬಿಳಿ ಕೂದಲು ನೋಡಿ ಅಂಗಡಿಯ ಹುಡುಗಿ "ಸೊಸೇಗಾ ಆಂಟಿ? ಆಲ್ ದ ಬೆಸ್ಟ್" ಅಂದಳು. ಅದು ಅಕ್ಕಿ ಡಬ್ಬದ ಹಿಂದೆ ಇದೆ. ತೆಗೆಯಲು ಹೋಗುತ್ತೇನೆ, ಕೈ ವಾಪಸು ಬರುತ್ತದೆ. ಎರಡು ಗೆರೆ ಬಂದರೆ ನಾನೇನು ಮಾಡಲಿ? ಒಂದೇ ಬಂದರೂ, ನಾಳೆ ನಾನಿಲ್ಲದಾಗ ಏನು ಗತಿ? ಹೋದ ಬುಧವಾರ ಮಧ್ವೇಶ ಫೋನ್ ಮಾಡಿ, ಕಮಲಾಕ್ಷಮ್ಮ ಹೇಳಿದ ನರ್ಸಿಂಗ್ ಹೋಮಿನಲ್ಲಿ ಬರುವ ಗುರುವಾರ ಮಾಡುತ್ತಾರಂತೆ, ಹೂಂ ಅನ್ನಲಾ ಅಂದ. ನಾನು ಹೂಂ ಅಂದುಬಿಟ್ಟೆ. ಬೇಡ ಅನ್ನಲು ಶಕ್ತಿ ಇರಲಿಲ್ಲ. ಏನು ಆಗಿದ್ದರೂ ಮುಚ್ಚಿಹೋಗಲಿ, ಏನು ಆಗಲಿದ್ದರೂ ಮುಚ್ಚಿಹೋಗಲಿ ಅನ್ನಿಸಿತು. ಕಾರಿನಲ್ಲಿ ಅಷ್ಟು ಹಾರಾಡಿದವಳ ಮನಸ್ಸು ಎಲ್ಲಿಗೆ ಬಂತು ನೋಡು.

ನೀನು ಬೈಯುತ್ತೀಯ, ಗೊತ್ತು. ಬೈದು ಬರೆ. ಆದರೆ ಬೇರೆ ದಾರಿ ಏನಾದರೂ ಹೊಳೆದರೆ ಅದನ್ನೂ ಬರೆ. ಕಾಗದ ನಿನ್ನ ಕೈ ಸೇರುವುದರೊಳಗೆ ಗುರುವಾರ ಕಳೆದಿರುತ್ತದೋ ಏನೋ. ಇಷ್ಟು ಬರೆದ ಮೇಲೆ ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ.

ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗನ ಪರೀಕ್ಷೆಗಳು ಚೆನ್ನಾಗಾಗಲಿ, ಅವನಿಗೆ ನನ್ನ ಆಶೀರ್ವಾದ. ರಾಯರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಕೋಕಿಲಾ

ತಾ.ಕ. ಇದು ಸೋಮವಾರ ಬೆಳಿಗ್ಗೆ ಬರೆಯುತ್ತಿರುವುದು. ರಾತ್ರಿಯೇ ಕವರಿಗೆ ಅಂಟು ಹಾಕಿದ್ದೆ, ಈಗ ಹರಿದು ತೆಗೆದೆ.

ಶ್ರೀಶನನ್ನು ಕೆಂಗೇರಿಗೆ ಕಳಿಸಲು ಬಟ್ಟೆ ಜೋಡಿಸೋಣ ಅಂತ ಅಟ್ಟದ ಮೇಲಿಂದ ಇಳಿಸಿಟ್ಟಿದ್ದ ಸೂಟ್‌ಕೇಸ್ ತೆರೆದೆ. ಅವನ ಹಳೆಯ ಬನಿಯನ್‌ಗಳು ಗಟ್ಟಿಯಾಗಿ ಸುರುಳಿ ಸುತ್ತಿ, ಮೂಲೆಯಲ್ಲಿ ತುರುಕಿದ್ದವು. ಬಿಚ್ಚಿದರೆ ಒಣಗಿದ ರಕ್ತ. ತನ್ಮಯಿಯದು. ಪ್ರತಿ ಸುರುಳಿಯನ್ನೂ ನಾನು ಕಲಿಸಿಕೊಟ್ಟ ಹಾಗೆಯೇ ನೀಟಾಗಿ ಸುತ್ತಿದ್ದಾಳೆ. ಆ ಪೆಟ್ಟಿಗೆ ಶ್ರೀಶನ ಜೊತೆ ಮನೆಯಿಂದ ಹೋಗಿಬಿಡುತ್ತದೆ ಅಂತ ಅವಳಿಗೆ ಗೊತ್ತು. ಐದಾರು ವರ್ಷದ ಬುದ್ಧಿ ಅಂದೆನಲ್ಲ.

ಒಂದು ಬನಿಯನ್ ಹಿಡಿದು ಅವಳ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು ಗೋಡೆಗೆ ಒರಗಿದಳು. "ನಂದಲ್ಲ ಅಮ್ಮ. ನಂಗೆ ನಿಂತೋಯ್ತು. ಇನ್ಮೇಲ್ ಬರಲ್ಲ. ಆ ಆಂಟಿಗೆ ಹೇಳು, ನಿಂತೋಯ್ತು ಅಂತ ಹೇಳು. ನನ್ನ ಕುಯ್ಬೇಡ ಅಮ್ಮ" ಅಂದಳು.

ಮಧ್ವೇಶನಿಗೆ ಫೋನ್ ಮಾಡಿ ಗುರುವಾರದ್ದು ಬೇಡ ಅಂದೆ. ಅವನು ಕೂಗಾಡಿದ, ಕೂಗಾಡಲಿ. ದ್ಯಾಮಣ್ಣ ಕೆಲಸ ಮುಗಿಸಿ ಬಂದ ಮೇಲೆ ಅವನ ಕಾಲಿಗೆ ಬೀಳಬೇಕು. ನನ್ನ ಆಪರೇಷನ್ ಮಾತ್ರ ಹಾಗೇ ಇದೆ, ಮುಂದೂಡಲು ಬರುವುದಿಲ್ಲ. ವೈಜಿ, ರಜೆ ಹಾಕಿ ಬರುತ್ತೀಯಾ? ನಿನ್ನ ಮನೆಯಲ್ಲೂ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಮಗನ ಪರೀಕ್ಷೆ ಇದೆ, ಎಲ್ಲ ಗೊತ್ತಿದ್ದೂ ಕೇಳುತ್ತಿದ್ದೇನೆ. ನೀನು ಬಂದರೆ ಅವಳು ನಿನ್ನ ಹತ್ತಿರವಾದರೂ ಮಲಗಬಹುದು.

ಆಗಿನಿಂದ ನನ್ನ ಹತ್ತಿರ ಬಂದಿಲ್ಲ. ಸಾರಿಗೆ ತರಕಾರಿ ಹೆಚ್ಚೋಣ ಅಂತ ನಾನು ಈಳಿಗೆಮಣೆ ತೆಗೆದರೆ, ಶ್ರೀಶನ ಹಿಂದೆ ಹೋಗಿ ನಿಲ್ಲುತ್ತಾಳೆ.